ಉಮ್ಮನ ಎರಡು ಬಳೆ, 916 ಎಂಬ ಸಂಖ್ಯೆ

ಚಿನ್ನದ ಶುದ್ಧತೆಗೆ ವ್ಯಾಪಾರಿಯ ಮಾತು ಸಾಕೇ, ಸರಕಾರದ ಕಾನೂನು ಬೇಕೇ?

ಉಪ್ಪನ ಹೃದಯದ ಆಪರೇಷನ್‌ಗೆ ಹಣ ಹೊಂದಿಸುತ್ತಿದ್ದ ದಿನಗಳವು. ಉಮ್ಮ ಕಪಾಟಿನಿಂದ ಒಂದು ಹಳೆಯ ಬಟ್ಟೆಯ ಗಂಟು ತೆಗೆದು ನನ್ನ ಕೈಗೆ ಕೊಟ್ಟರು. ಒಳಗೆ ಎರಡು ದಪ್ಪ ಬಳೆಗಳು. ಉಪ್ಪ ಗಲ್ಫ್‌ನಲ್ಲಿದ್ದಾಗ ಕಳಿಸಿದ ಹಣವನ್ನು ತಿಂಗಳು ತಿಂಗಳು ಉಳಿಸಿ, ಊರಿನ ಪೇಟೆಯ ಒಂದು ಅಂಗಡಿಯಲ್ಲಿ ಉಮ್ಮ ಮಾಡಿಸಿಕೊಂಡದ್ದು. ‘ಐದು ಪವನ್ ಉಂಟು. ಇಪ್ಪತ್ತೆರಡು ಕ್ಯಾರೆಟ್. ಈಗ ಅಲ್ಲದಿದ್ರೆ ಇನ್ನು ಯಾವಾಗ?’ ಅಂದರು.

ನಾನು ಬಳೆಗಳನ್ನು ಕೊಂಡುಹೋದದ್ದು ಬೇರೆ ಅಂಗಡಿಗೆ. ಅಲ್ಲಿನ ಹುಡುಗ ತೂಕ ಮಾಡಿದ, ಸರಿಯಾಗಿ 40 ಗ್ರಾಂ. ಆಮೇಲೆ ಬಳೆಯನ್ನು ಒಂದು ಯಂತ್ರದೊಳಗೆ ಇಟ್ಟ. ಪರದೆ ನೋಡಿ ಒಮ್ಮೆ ಮಾಲಕರ ಮುಖ ನೋಡಿದ. ಮಾಲಕರು ನನ್ನನ್ನು ಕೂರಿಸಿ ಮೆತ್ತಗೆ ಹೇಳಿದರು: ‘ಇದು ಇಪ್ಪತ್ತೆರಡು ಅಲ್ಲ. ನೂರಕ್ಕೆ ಎಂಬತ್ತು ತೋರಿಸ್ತಾ ಉಂಟು. ಬೇಕಾದ್ರೆ ಕರಗಿಸಿ ನೋಡುವ.’ ಕರಗಿಸಿದರು. ಸಂಖ್ಯೆ ಬದಲಾಗಲಿಲ್ಲ.

22 ಕ್ಯಾರೆಟ್ ಆಗಿದ್ದರೆ ಆ 40 ಗ್ರಾಂನಲ್ಲಿ 36.64 ಗ್ರಾಂ ಶುದ್ಧ ಚಿನ್ನ ಇರಬೇಕಿತ್ತು. ಇದ್ದದ್ದು 32 ಗ್ರಾಂ. ಅಂದರೆ ನಾಲ್ಕೂವರೆ ಗ್ರಾಂಗಿಂತಲೂ ಹೆಚ್ಚು ಚಿನ್ನಕ್ಕೆ ಉಮ್ಮ ಹಣ ಕೊಟ್ಟಿದ್ದರು, ಆದರೆ ಚಿನ್ನ ಸಿಕ್ಕಿರಲಿಲ್ಲ. ಬಿಲ್ ಕೇಳಿದರೆ ಇದ್ದದ್ದು ಒಂದು ಮಾಸಿದ ಚೀಟಿ. ಅದರಲ್ಲಿ ತೂಕ, ಮೊತ್ತ ಬಿಟ್ಟರೆ ಬೇರೇನಿಲ್ಲ. ಮನೆಗೆ ಬಂದು ವಿಷಯ ಹೇಳಿದಾಗ ಉಮ್ಮ ನಂಬಲಿಲ್ಲ. ‘ಅವರು ಒಳ್ಳೆ ಜನ. ಮೋಸ ಮಾಡುವವರಲ್ಲ’ ಎಂದಷ್ಟೇ ಹೇಳಿ ಸುಮ್ಮನಾದರು.

ಆ ವ್ಯಾಪಾರಿ ಬೇಕೆಂದೇ ಮೋಸ ಮಾಡಿದರೋ, ಅವರಿಗೆ ಮಾಲು ಕೊಟ್ಟವರು ಮೋಸ ಮಾಡಿದರೋ ನನಗೆ ಗೊತ್ತಿಲ್ಲ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. 22 ಕ್ಯಾರೆಟ್ ಎಂದರೆ ಇಷ್ಟೇ ಚಿನ್ನ ಇರಬೇಕು ಎಂದು ದೇಶದಲ್ಲಿ ಮಾನದಂಡ ಇತ್ತು. ಅದು ಬರೆದ ಪುಸ್ತಕದಲ್ಲೇ ಇತ್ತು, ಉಮ್ಮನ ಬಳೆಯಲ್ಲಿ ಇರಲಿಲ್ಲ. ಯಾಕೆ?

ಕಣ್ಣಿಗೆ ಕಾಣದ ಗುಣ

ಮೀನು ತಾಜಾ ಉಂಟೋ ಇಲ್ಲವೋ ಎಂದು ಕಿವಿರು ಎತ್ತಿ ನೋಡಬಹುದು. ಅಕ್ಕಿಯನ್ನು ಅಂಗೈಯಲ್ಲಿ ಹಾಕಿ ಉಜ್ಜಿ ನೋಡಬಹುದು. ಬಟ್ಟೆ ಮೊದಲ ಒಗೆತದಲ್ಲೇ ತನ್ನ ಬಣ್ಣ ತೋರಿಸುತ್ತದೆ. ಚಿನ್ನ ಹಾಗಲ್ಲ. 22 ಕ್ಯಾರೆಟ್‌ಗೂ 19 ಕ್ಯಾರೆಟ್‌ಗೂ ಇರುವ ವ್ಯತ್ಯಾಸ ನಮ್ಮ ನಿಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಕಿಕೊಂಡರೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮಾರುವ ದಿನ, ಅಡವಿಡುವ ದಿನ. ಅದು ಸಾಮಾನ್ಯವಾಗಿ ಮನೆಯಲ್ಲಿ ಕಷ್ಟ ಬಂದ ದಿನ.

ಶುದ್ಧತೆಯನ್ನು ಸರಿಯಾಗಿ ಅಳೆಯಲು ಹಳೆಯದೊಂದು ವಿಧಾನವಿದೆ. ಒಡವೆಯಿಂದ ಚೂರೇ ಚೂರು ಚಿನ್ನ ಕೆರೆದು ತೂಗುತ್ತಾರೆ. ಅದಕ್ಕೆ ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಸಣ್ಣ ರಂಧ್ರಗಳಿರುವ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಕಾಯಿಸುತ್ತಾರೆ. ತಾಮ್ರದಂಥ ಲೋಹಗಳೆಲ್ಲ ಸೀಸದ ಜೊತೆ ಬಟ್ಟಲಿಗೆ ಇಂಗಿಹೋಗುತ್ತವೆ. ಉಳಿದ ಗುಂಡನ್ನು ತೆಳುವಾಗಿ ತಟ್ಟಿ ನೈಟ್ರಿಕ್ ಆ್ಯಸಿಡ್‌ನಲ್ಲಿ ಹಾಕಿದರೆ ಬೆಳ್ಳಿ ಕರಗುತ್ತದೆ, ಚಿನ್ನ ಮಾತ್ರ ಉಳಿಯುತ್ತದೆ. ಅದನ್ನು ಮತ್ತೆ ತೂಗಿದರೆ ಲೆಕ್ಕ ಸಿಕ್ಕಿತು. ಅಂಗಡಿಗಳಲ್ಲಿ ಈಗ ಕಾಣುವ ಎಕ್ಸ್‌ರೇ ಯಂತ್ರ ಮುಖ್ಯವಾಗಿ ಮೇಲ್ಮೈಯನ್ನು ನೋಡುತ್ತದೆ. ಕೊನೆಯ ಮಾತು ಈ ಬೆಂಕಿಯ ಪರೀಕ್ಷೆಯದ್ದೇ. ಇದನ್ನು ಯಾವ ಗಿರಾಕಿಯೂ ಮನೆಯಲ್ಲಿ ಮಾಡಲಾರ.

ನಮ್ಮ ಮನೆಗಳಲ್ಲಿ ಚಿನ್ನ ಎಂದರೆ ಅಲಂಕಾರ ಮಾತ್ರವಲ್ಲ. ಹಿಂದೆ ಅಜ್ಜಿಯಂದಿರ ಕಿವಿಯಲ್ಲಿ ಸಾಲಾಗಿ ತೂಗುತ್ತಿದ್ದ ಅಲಿಕತ್‌ನಿಂದ ಹಿಡಿದು ಇಂದಿನ ಮದುಮಗಳ ನೆಕ್ಲೇಸಿನವರೆಗೆ, ಹೆಣ್ಣುಮಕ್ಕಳ ಹೆಸರಿನಲ್ಲಿರುವ ಆಸ್ತಿ ಎಂದರೆ ಹೆಚ್ಚಿನ ಮನೆಗಳಲ್ಲಿ ಅದೊಂದೇ. ಮಹರ್ ಆಗಿ ಬರುವುದು ಚಿನ್ನ, ಝಕಾತ್ ಲೆಕ್ಕ ಹಾಕುವಾಗ ನೋಡುವುದು ಚಿನ್ನ, ಮಕ್ಕಳ ಕಾಲೇಜು ಫೀಸಿಗೆ ಬ್ಯಾಂಕಿನಲ್ಲಿ ಇಡುವುದೂ ಚಿನ್ನ. ಆಗ ತೂಕ ಎಷ್ಟು ಮುಖ್ಯವೋ ಶುದ್ಧತೆಯೂ ಅಷ್ಟೇ ಮುಖ್ಯ. ಹತ್ತು ಪವನ್ ಮಹರ್ ಎಂದು ಒಪ್ಪಿ, ಕೊಟ್ಟ ಚಿನ್ನ 18 ಕ್ಯಾರೆಟ್ ಆಗಿದ್ದರೆ ಆ 80 ಗ್ರಾಂನಲ್ಲಿ ಶುದ್ಧ ಚಿನ್ನ 60 ಗ್ರಾಂ ಮಾತ್ರ. 22 ಕ್ಯಾರೆಟ್ ಆಗಿದ್ದರೆ 73 ಗ್ರಾಂ ದಾಟುತ್ತಿತ್ತು.

916 ಯಾರು ಬರೆದದ್ದು?

ಸಾವಿರ ಪಾಲಿನಲ್ಲಿ 916 ಪಾಲು ಚಿನ್ನವಿದ್ದರೆ 22 ಕ್ಯಾರೆಟ್. 750 ಇದ್ದರೆ 18 ಕ್ಯಾರೆಟ್. 585 ಇದ್ದರೆ 14 ಕ್ಯಾರೆಟ್. ನಮ್ಮ ದೇಶದಲ್ಲಿ ಇದನ್ನು ಬರೆದಿಟ್ಟಿರುವ ದಾಖಲೆಯ ಹೆಸರು ಐಎಸ್ 1417. ಬರೆಸಿದ್ದು ಬಿಐಎಸ್, ಅಂದರೆ ಭಾರತೀಯ ಮಾನದಂಡಗಳ ಬ್ಯೂರೋ. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮೊದಲು, ಐಎಸ್‌ಐ ಎಂಬ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ ಇದು. ಕುಕ್ಕರ್ ಮೇಲೆ, ಹೆಲ್ಮೆಟ್ ಮೇಲೆ ಕಾಣುವ ಐಎಸ್‌ಐ ಗುರುತು ಈಗಲೂ ಅದೇ ಹೆಸರಿನಲ್ಲಿ ಉಳಿದಿದೆ.

ಇಂಥ ಮಾನದಂಡವನ್ನು ಮಂತ್ರಿಯೋ ಅಧಿಕಾರಿಯೋ ಒಬ್ಬರೇ ಕೂತು ಬರೆಯುವುದಲ್ಲ. ಒಂದು ಸಮಿತಿ ಇರುತ್ತದೆ. ಅದರಲ್ಲಿ ತಯಾರಕರು, ವ್ಯಾಪಾರಿಗಳು, ಪ್ರಯೋಗಾಲಯದವರು, ಬಳಕೆದಾರರ ಪರವಾಗಿ ಮಾತಾಡುವವರು, ಸರಕಾರದವರು ಎಲ್ಲರೂ ಇರುತ್ತಾರೆ. ಕರಡನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ. ಬಂದ ಆಕ್ಷೇಪಗಳನ್ನು ಚರ್ಚಿಸಿ, ಹೆಚ್ಚಿನವರು ಒಪ್ಪುವಂಥ ಮಾತಿಗೆ ಬರುತ್ತಾರೆ. ಸಹಮತ ಎಂದರೆ ಎಲ್ಲರೂ ಒಂದೇ ರಾಗ ಹಾಡಬೇಕೆಂದಲ್ಲ. ಯಾರ ಗಟ್ಟಿ ಆಕ್ಷೇಪವನ್ನೂ ಕೇಳದೆ ಬಿಡಬಾರದು ಎಂದಷ್ಟೇ.

ಹೀಗೆ ಬರೆದ ಮಾನದಂಡಗಳು ನಮ್ಮಲ್ಲಿ 20 ಸಾವಿರಕ್ಕೂ ಹೆಚ್ಚಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಐಚ್ಛಿಕ. ಬೇಕಾದವರು ಪಾಲಿಸಬಹುದು, ಬೇಡವಾದವರು ಬಿಡಬಹುದು. ಸರಕಾರ ಪ್ರತ್ಯೇಕ ಆದೇಶ ಹೊರಡಿಸಿದರೆ ಮಾತ್ರ ಅದು ಕಡ್ಡಾಯ. ಆಗಲೂ ಸಾಮಾನ್ಯವಾಗಿ ಮಾನದಂಡದ ಅಕ್ಷರ ಅದೇ ಇರುತ್ತದೆ. ಬದಲಾಗುವುದು ಒಂದೇ: ಪಾಲಿಸದವನು ಉತ್ತರ ಹೇಳಬೇಕಾಗುತ್ತದೆ.

ಹಾಗಾದರೆ ಯಾವುದು ಒಳ್ಳೆಯದು? ಕಸುಬಿನವರೇ ಕೂತು ಒಪ್ಪಿಕೊಂಡ ಮಾತೋ, ಸರಕಾರ ಹಾಕಿದ ಕಟ್ಟಳೆಯೋ? ಇದು ಇವತ್ತಿನ ಜಗಳವಲ್ಲ.

ಲಂಡನ್‌ನ ಒಂದು ಮನೆ

ಹಾಲ್‌ಮಾರ್ಕ್ ಎಂಬ ಮಾತು ಬಂದದ್ದೇ ಒಂದು ಕಟ್ಟಡದಿಂದ. 1300ರಲ್ಲಿ ಇಂಗ್ಲೆಂಡಿನ ಅರಸ ಒಂದನೇ ಎಡ್ವರ್ಡ್ ಚಿನ್ನ ಬೆಳ್ಳಿಯ ಶುದ್ಧತೆಗೆ ಕಾನೂನು ಮಾಡಿದ. ಪರೀಕ್ಷೆ ಮಾಡುವ ಕೆಲಸವನ್ನು ಮಾತ್ರ ತನ್ನ ಸಿಪಾಯಿಗಳಿಗೆ ಕೊಡಲಿಲ್ಲ, ಅಕ್ಕಸಾಲಿಗರ ಸಂಘದ ಹಿರಿಯರಿಗೇ ಕೊಟ್ಟ. ಅವರು ಅಂಗಡಿ ಅಂಗಡಿಗೆ ಹೋಗಿ ಬೆಳ್ಳಿಯನ್ನು ಪರೀಕ್ಷಿಸಿ ಚಿರತೆಯ ತಲೆಯ ಗುರುತು ಒತ್ತುತ್ತಿದ್ದರು. 1478ರ ಹೊತ್ತಿಗೆ ಇದು ಸಾಲದೆನಿಸಿ, ಕಸುಬಿನವರೇ ತಮ್ಮ ಮಾಲನ್ನು ಸಂಘದ ಮನೆಗೆ ತಂದು ಪರೀಕ್ಷೆ ಮಾಡಿಸಬೇಕು ಎಂದಾಯಿತು. ಆ ಮನೆಯ ಹೆಸರು ಗೋಲ್ಡ್‌ಸ್ಮಿತ್ಸ್ ಹಾಲ್. ಆ ಹಾಲ್‌ನಲ್ಲಿ ಬಿದ್ದ ಮಾರ್ಕ್ ಹಾಲ್‌ಮಾರ್ಕ್ ಆಯಿತು.

ಅರಸನಿಗೆ ಚಿನ್ನ ಪರೀಕ್ಷಿಸಲು ಬರುತ್ತಿರಲಿಲ್ಲ. ಸಂಘಕ್ಕೆ ಪರೀಕ್ಷೆ ಬರುತ್ತಿತ್ತು, ಆದರೆ ಹೊರಗಿನವನನ್ನು ಹಿಡಿದು ದಂಡಿಸುವ ಅಧಿಕಾರ ಅರಸನ ಕಾನೂನಿನಿಂದ ಬರಬೇಕಿತ್ತು. ಇಬ್ಬರೂ ಸೇರಿದಾಗ ಮಾತ್ರ ಗುರುತಿಗೆ ಬೆಲೆ ಬಂತು.

14 ಕ್ಯಾರೆಟ್‌ನ ಕಾಲ

ನಮ್ಮ ದೇಶದಲ್ಲಿ ಇವೆರಡೂ ಬೇರೆ ಬೇರೆಯಾಗಿ ನಡೆದ ಕತೆ ಉಂಟು. ಎರಡರಲ್ಲೂ ಸೋತಿದ್ದೇವೆ.

ಮೊದಲನೆಯದು ಬರೀ ಕಟ್ಟಳೆಯ ಕತೆ. ಚೀನದ ಜೊತೆ ಯುದ್ಧ ಮುಗಿದು, ವಿದೇಶಿ ವಿನಿಮಯ ಬರಿದಾಗಿದ್ದ ಸಮಯ. 1963ರ ಜನವರಿಯಲ್ಲಿ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಅವರ ಕಾಲದಲ್ಲಿ ಚಿನ್ನ ನಿಯಂತ್ರಣ ನಿಯಮ ಬಂತು. ಇನ್ನು ಮುಂದೆ 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಆಭರಣ ಮಾಡಬಾರದು ಎಂದಾಯಿತು. ಜನ ಚಿನ್ನ ಕೊಳ್ಳುವುದನ್ನು ಕಡಿಮೆ ಮಾಡಲಿ ಎಂಬುದು ಉದ್ದೇಶ.

ಜನ ಕೇಳಲಿಲ್ಲ. 22 ಕ್ಯಾರೆಟ್‌ನ ತಾಳಿ, ಬಳೆ, ಸರಕ್ಕೆ ಒಗ್ಗಿದ ಮನೆಗಳಿಗೆ 14 ಕ್ಯಾರೆಟ್ ಚಿನ್ನವೇ ಅಲ್ಲ ಎನಿಸಿತು. ದೊಡ್ಡ ಸಂಖ್ಯೆಯಲ್ಲಿ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ವ್ಯಾಪಾರ ಕದ್ದುಮುಚ್ಚಿ ನಡೆಯಿತು, ಕಳ್ಳಸಾಗಣೆ ಬೆಳೆಯಿತು. 1966ರಲ್ಲಿ 14 ಕ್ಯಾರೆಟ್‌ನ ಮಿತಿ ಕೈಬಿಡಬೇಕಾಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ ಇನ್ನೂ 22 ವರ್ಷ ಎಳೆದು, 1990ರಲ್ಲಿ ರದ್ದಾಯಿತು.

ಇಲ್ಲಿ ತಪ್ಪಿದ್ದು ಕಾನೂನು ಇದ್ದದ್ದರಿಂದ ಅಲ್ಲ. ಕಸುಬಿನವರನ್ನೂ ಕೊಳ್ಳುವವರನ್ನೂ ಕೇಳದೆ ಮೇಲಿನಿಂದ ಒಂದು ಸಂಖ್ಯೆ ಇಳಿಸಿದ್ದರಿಂದ. ಯಾರೂ ಒಪ್ಪದ ಮಾನದಂಡವನ್ನು ಪೊಲೀಸರಿಂದ ಪಾಲಿಸಲು ಆಗುವುದಿಲ್ಲ.

21 ವರ್ಷದ ಐಚ್ಛಿಕ

ಎರಡನೆಯದು ಬರೀ ಒಪ್ಪಿಗೆಯ ಕತೆ. 2000ದ ಏಪ್ರಿಲ್‌ನಲ್ಲಿ ಬಿಐಎಸ್ ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ ಯೋಜನೆ ಆರಂಭಿಸಿತು. ಬೇಕಾದ ವ್ಯಾಪಾರಿ ನೋಂದಣಿ ಮಾಡಿಸಿಕೊಂಡು, ತನ್ನ ಮಾಲನ್ನು ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ಕಳಿಸಿ ಗುರುತು ಹಾಕಿಸಬಹುದಿತ್ತು. ಒತ್ತಾಯ ಇರಲಿಲ್ಲ. ಒಳ್ಳೆಯ ಅಂಗಡಿ ಗುರುತು ಹಾಕಿಸುತ್ತದೆ, ಗಿರಾಕಿ ಗುರುತು ನೋಡಿ ಬರುತ್ತಾನೆ, ಉಳಿದವರೂ ತಾವಾಗಿ ಬರುತ್ತಾರೆ ಎಂಬುದು ಲೆಕ್ಕ. ಕಾಗದದ ಮೇಲೆ ಚೆನ್ನಾದ ಲೆಕ್ಕ.

21 ವರ್ಷ ಕಳೆದ ಮೇಲೆ, 2021ರ ಜೂನ್‌ನಲ್ಲಿ ಸರಕಾರವೇ ಹೇಳಿದ ಅಂಕಿಗಳು ಹೀಗಿದ್ದವು: ದೇಶದಲ್ಲಿ ಸುಮಾರು 4 ಲಕ್ಷ ಆಭರಣ ವ್ಯಾಪಾರಿಗಳು, ಅವರಲ್ಲಿ ಬಿಐಎಸ್ ಪ್ರಮಾಣಪತ್ರ ಪಡೆದವರು 35,879. ಹಾಲ್‌ಮಾರ್ಕ್ ಬಿದ್ದ ಆಭರಣ ನೂರಕ್ಕೆ 30 ಮಾತ್ರ. ಅಂದರೆ ಹತ್ತು ವ್ಯಾಪಾರಿಗಳಲ್ಲಿ ಒಂಬತ್ತು ಮಂದಿ ಹೊರಗೇ ಉಳಿದಿದ್ದರು.

ಹೊರಗಿದ್ದವರೆಲ್ಲ ಮೋಸಗಾರರಲ್ಲ. ಸಣ್ಣ ಊರಿನವನಿಗೆ ಪರೀಕ್ಷಾ ಕೇಂದ್ರ ದೂರ. ಅಪ್ಪ ಅಜ್ಜಂದಿರ ಕಾಲದಿಂದ ಬರುವ ಗಿರಾಕಿಗೆ ಗುರುತು ಬೇಕಾಗಿರಲಿಲ್ಲ, ಮುಖ ಸಾಕಿತ್ತು. ಆದರೆ ಇಲ್ಲೇ ಒಂದು ಕೊಂಡಿ ತಪ್ಪುತ್ತದೆ. ಐಚ್ಛಿಕವಾದ ಗುರುತಿಗೆ ಮೊದಲು ಬರುವವನು ಮೊದಲೇ ಸರಿಯಾಗಿದ್ದವನು. ಯಾರ ಮೇಲೆ ಕಣ್ಣಿಡಬೇಕಿತ್ತೋ ಅವನು ಬರುವುದೇ ಇಲ್ಲ. ಕಡಿಮೆ ಚಿನ್ನ ಹಾಕುವವನು ಮಜೂರಿಯಲ್ಲಿ ರಿಯಾಯಿತಿ ಕೊಡಬಲ್ಲ. ಸರಿಯಾಗಿ ಹಾಕುವವನು ಕೊಡಲಾರ. ಗಿರಾಕಿ ರಿಯಾಯಿತಿ ಇರುವಲ್ಲಿಗೆ ಹೋಗುತ್ತಾನೆ. ಕೊನೆಗೆ ಪ್ರಾಮಾಣಿಕನಿಗೇ ನಷ್ಟ.

ಇದರ ನಡುವೆ ‘ಕೆಡಿಎಂ’ ಎಂಬ ಮಾತು ಬೇರೆ. ಎಷ್ಟೋ ಅಂಗಡಿಗಳ ಬೋರ್ಡಿನಲ್ಲಿ ‘916 ಕೆಡಿಎಂ’ ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ನಾವೂ ಅದನ್ನೇ ಸರಕಾರದ ಮುದ್ರೆ ಎಂದುಕೊಂಡೆವು. ಅಸಲಿಗೆ ಕೆಡಿಎಂ ಎಂದರೆ ಕ್ಯಾಡ್ಮಿಯಂ ಹಾಕಿ ಮಾಡಿದ ಬೆಸುಗೆ. ಹಳೆಯ ಬೆಸುಗೆಯಲ್ಲಿ ತಾಮ್ರದಂಥ ಲೋಹ ಹೆಚ್ಚು ಸೇರಿ ಒಡವೆಯ ಶುದ್ಧತೆ ಇಳಿಯುತ್ತಿತ್ತು. ಕ್ಯಾಡ್ಮಿಯಂನಲ್ಲಿ ಅಷ್ಟು ಇಳಿಯುತ್ತಿರಲಿಲ್ಲ. ಆದರೆ ಅದರ ಹೊಗೆ ಬೆಸುಗೆ ಹಾಕುವ ಕೆಲಸಗಾರನ ಶ್ವಾಸಕೋಶಕ್ಕೆ ವಿಷ. ಬಿಐಎಸ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಬೋರ್ಡಿನಲ್ಲಿ ಕೆಡಿಎಂ ಎಂದಿದ್ದ ಮಾತ್ರಕ್ಕೆ ಒಳಗಿನ ಒಡವೆಯನ್ನು ಯಾರೋ ಪರೀಕ್ಷಿಸಿದ್ದಾರೆ ಎಂದು ಅರ್ಥವಾಗಿರಲೇ ಇಲ್ಲ. ಯಾರೂ ಉತ್ತರ ಹೇಳಬೇಕಿಲ್ಲದ ಗುರುತು ಹೀಗೆಯೇ ಆಗುವುದು.

ಉಮ್ಮನ ಬಳೆ ಇದಕ್ಕೂ ಹಿಂದಿನದ್ದು. ಆದರೆ ಅವರು ಅದನ್ನು 2010ರಲ್ಲಿ ಕೊಂಡಿದ್ದರೂ ಅದೇ ಅಂಗಡಿಯಲ್ಲಿ ಅದೇ ಬಳೆ ಸಿಗಬಹುದಿತ್ತು. ತಡೆಯುವವರು ಯಾರೂ ಇರಲಿಲ್ಲ.

ಕಡ್ಡಾಯವಾದಾಗ ಎದ್ದ ಗಲಾಟೆ

2020ರ ಜನವರಿಯಲ್ಲಿ ಆದೇಶ ಹೊರಟಿತು. ಒಂದು ವರ್ಷದ ಗಡುವು ಇತ್ತು. ಕೊರೋನ ಬಂದು ಗಡುವು ಮುಂದೆ ಹೋಯಿತು. ಕೊನೆಗೆ 2021ರ ಜೂನ್‌ನಲ್ಲಿ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಪರೀಕ್ಷಾ ಕೇಂದ್ರ ಇರುವ ಜಿಲ್ಲೆಗಳನ್ನೇ ಮೊದಲು ಆರಿಸಿದ್ದರು. 2022ರಲ್ಲಿ ಜಿಲ್ಲೆಗಳ ಸಂಖ್ಯೆ 288 ಆಯಿತು, 2023ರಲ್ಲಿ 343. ಆಮೇಲೂ ಹೆಚ್ಚಿದೆ.

ವ್ಯಾಪಾರಿಗಳು ಸುಮ್ಮನಿರಲಿಲ್ಲ. ಆ ವರ್ಷದ ಆಗಸ್ಟ್ 23ರಂದು ದೇಶದ ಹಲವೆಡೆ ಆಭರಣದಂಗಡಿಗಳು ಬಾಗಿಲು ಹಾಕಿ ಪ್ರತಿಭಟಿಸಿದವು. ಅವರ ಸಿಟ್ಟು ಶುದ್ಧತೆಯ ಪರೀಕ್ಷೆಗಿಂತ ಹೆಚ್ಚಾಗಿ ಹೊಸದಾಗಿ ಬಂದ ಎಚ್‌ಯುಐಡಿ ಮೇಲೆ. ಎಚ್‌ಯುಐಡಿ ಎಂದರೆ ಪ್ರತಿಯೊಂದು ಒಡವೆಗೂ ಪ್ರತ್ಯೇಕವಾದ, ಅಂಕೆ ಅಕ್ಷರ ಸೇರಿದ ಆರು ಸ್ಥಾನದ ಗುರುತು. ಪ್ರತಿ ಉಂಗುರಕ್ಕೂ ಕಂಪ್ಯೂಟರ್‌ನಲ್ಲಿ ದಾಖಲೆ, ಕೇಂದ್ರದಲ್ಲಿ ದಿನಗಟ್ಟಲೆ ಕಾಯುವಿಕೆ, ಸಣ್ಣ ಅಂಗಡಿಗೆ ಆಗದ ಕೆಲಸ ಎಂದರು. ಇದು ಗುಣಮಟ್ಟ ನೋಡುವುದಲ್ಲ, ಮಾಲಿನ ಹಿಂದೆ ಬೀಳುವುದು ಎಂಬ ಮಾತೂ ಬಂತು.

ಅವರ ಮಾತಿನಲ್ಲಿ ಹುರುಳು ಇತ್ತು. ಹಲವು ಶಾಖೆಗಳಿರುವ ದೊಡ್ಡ ಮಳಿಗೆಗೆ ಒಬ್ಬ ಗುಮಾಸ್ತನನ್ನು ಇದಕ್ಕೇ ಇಡುವುದು ದೊಡ್ಡದಲ್ಲ. ಮನೆಯ ಜಗಲಿಯಲ್ಲಿ ಕೂತು ಸರ ಮಾಡುವವನು ಏನು ಮಾಡಬೇಕು? ಕಟ್ಟಳೆ ಬಿಗಿಯಾದಷ್ಟೂ ದೊಡ್ಡವನು ದೊಡ್ಡವನಾಗುತ್ತಾನೆ ಎಂಬ ಭಯ ಸುಳ್ಳಲ್ಲ.

ಆದರೆ 1963ಕ್ಕೂ 2021ಕ್ಕೂ ವ್ಯತ್ಯಾಸ ಇಲ್ಲೇ ಇರುವುದು. ಈ ಸಲ ಮಾತುಕತೆ ನಡೆಯಿತು, ಬದಲಾವಣೆಗಳೂ ಆದವು. ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ವಹಿವಾಟು ಇರುವ ವ್ಯಾಪಾರಿಗೆ ವಿನಾಯಿತಿ ಸಿಕ್ಕಿತು. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಯನ್ನು ಬಿಟ್ಟರು. ಕುಂದನ್, ಪೋಲ್ಕಿ, ಜಡಾವು ಕೆಲಸದ ಆಭರಣಗಳನ್ನು ಹೊರಗಿಟ್ಟರು. 14, 18, 22 ಮಾತ್ರವಲ್ಲ, 20, 23, 24 ಕ್ಯಾರೆಟ್‌ಗೂ ಅವಕಾಶ ಕೊಟ್ಟರು. ನೋಂದಣಿಯನ್ನು ಉಚಿತವಾಗಿ, ಜೀವಮಾನಕ್ಕೆ ಒಂದೇ ಸಲ ಎಂದು ಮಾಡಿದರು. ಹಳೆಯ ಗುರುತಿನ ಮಾಲು ಮುಗಿಸಲು ಸಮಯ ಕೊಟ್ಟು, 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಆಭರಣ ಮಾರಬಾರದು ಎಂದರು. ಆಗಲೂ ಹಳೆಯ ದಾಸ್ತಾನು ಘೋಷಿಸಿಕೊಂಡಿದ್ದ ವ್ಯಾಪಾರಿಗಳಿಗೆ ಮೂರು ತಿಂಗಳು ಹೆಚ್ಚು ಸಿಕ್ಕಿತು.

916 ಎಂಬ ಸಂಖ್ಯೆಯ ಬಗ್ಗೆ ಯಾರೂ ಜಗಳ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಎಲ್ಲರೂ ಕೂತು ಒಪ್ಪಿದ ಮಾತಾಗಿತ್ತು. ಕಾನೂನು ಮಾಡಿದ್ದು ಇಷ್ಟೇ: ನೀವು ಒಪ್ಪಿದ್ದನ್ನು ಎಲ್ಲರೂ ಪಾಲಿಸಿ ಎಂದದ್ದು.

ಆ ವರ್ಷ ಚಿನ್ನ ಒಂದೇ ಅಲ್ಲ. 2021ರ ಜನವರಿಯಿಂದ ಮಕ್ಕಳ ಆಟಿಕೆಗೆ, ಫೆಬ್ರವರಿಯಿಂದ ಪ್ರೆಶರ್ ಕುಕ್ಕರ್‌ಗೆ, ಜೂನ್‌ನಿಂದ ಬೈಕ್ ಹೆಲ್ಮೆಟ್‌ಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಈ ಮೂರಕ್ಕೂ ಚಿನ್ನಕ್ಕೂ ಒಂದು ಸಾಮ್ಯ ಉಂಟು. ಕೊಳ್ಳುವಾಗ ದೋಷ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಕುಕ್ಕರ್ ಸಿಡಿದಿರುತ್ತದೆ, ಹೆಲ್ಮೆಟ್ ಒಡೆದಿರುತ್ತದೆ. ಬಾಗಿಲ ಚಿಲಕವೋ ಬಕೆಟ್ಟೋ ಆದರೆ ಐಚ್ಛಿಕ ಸಾಕು. ಕೆಟ್ಟದ್ದು ಬಂದರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತೇವೆ. ಕಣ್ಣಿಗೆ ಕಾಣದ, ಒಮ್ಮೆ ತಪ್ಪಿದರೆ ಸರಿಮಾಡಲಾಗದ ವಸ್ತುವಿಗೆ ಮಾತು ಸಾಲುವುದಿಲ್ಲ.

ಅಂಗಡಿಗೆ ಹೋದಾಗ

ಕಾನೂನು ಬಂದಿದೆ, ಇನ್ನು ನಮಗೆ ಕೆಲಸವಿಲ್ಲ ಎಂದಲ್ಲ. ಮದುವೆಯ ಚಿನ್ನ ಕೊಳ್ಳುವ ಮನೆಯವರು ಇಷ್ಟನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಒಡವೆಯ ಮೇಲೆ ಮೂರು ಗುರುತು ಇರಬೇಕು: ತ್ರಿಕೋನಾಕಾರದ ಬಿಐಎಸ್ ಚಿಹ್ನೆ, ಶುದ್ಧತೆ (22ಕೆ916 ಎಂಬಂತೆ), ಮತ್ತು ಆರು ಸ್ಥಾನದ ಎಚ್‌ಯುಐಡಿ. ಬಹಳ ಸಣ್ಣದಾಗಿರುತ್ತದೆ. ಅಂಗಡಿಯವರಲ್ಲಿ ಭೂತಗನ್ನಡಿ ಕೇಳಿ, ಕೊಡಬೇಕು.

ಮೊಬೈಲ್‌ನಲ್ಲಿ ‘ಬಿಐಎಸ್ ಕೇರ್’ ಎಂಬ ಆ್ಯಪ್ ಹಾಕಿಕೊಂಡು, ಎಚ್‌ಯುಐಡಿ ಪರಿಶೀಲಿಸುವ ಕಡೆ ಆ ಆರು ಅಕ್ಷರ ಒತ್ತಿ. ವ್ಯಾಪಾರಿಯ ನೋಂದಣಿ, ಪರೀಕ್ಷೆ ಮಾಡಿದ ಕೇಂದ್ರ, ಒಡವೆಯ ಬಗೆ, ಶುದ್ಧತೆ ಎಲ್ಲ ಬರುತ್ತದೆ. ಒಡವೆಯ ಬಗೆಯನ್ನು ಮರೆಯದೆ ನೋಡಿ. ನಿಮ್ಮ ಕೈಯಲ್ಲಿರುವುದು ಬಳೆ, ಆ್ಯಪ್ ಹೇಳುವುದು ಉಂಗುರ ಎಂದಾದರೆ ಯಾರದ್ದೋ ಉಂಗುರದ ಸಂಖ್ಯೆಯನ್ನು ನಿಮ್ಮ ಬಳೆಗೆ ಕೆತ್ತಿರಬಹುದು.

ಬಿಲ್ ಬಿಡಬೇಡಿ. ‘ಬಿಲ್ ಇಲ್ಲದಿದ್ರೆ ಟ್ಯಾಕ್ಸ್ ಇಲ್ಲ’ ಎಂಬ ಮಾತಿಗೆ ಮರುಳಾದರೆ ನಾಳೆ ದೂರು ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಪ್ರತಿ ಒಡವೆಯ ವಿವರ, ತೂಕ, ಶುದ್ಧತೆ ಬಿಲ್‌ನಲ್ಲಿ ಬೇರೆ ಬೇರೆಯಾಗಿ ಇರಬೇಕು. ಹಾಲ್‌ಮಾರ್ಕ್ ಶುಲ್ಕವನ್ನು 2022ರಲ್ಲಿ ಒಂದು ಚಿನ್ನದ ಒಡವೆಗೆ 45 ರೂಪಾಯಿ ಮತ್ತು ಜಿಎಸ್‌ಟಿ ಎಂದು ನಿಗದಿ ಮಾಡಿದ್ದಾರೆ. ಅದು ಒಡವೆಗೆ ಇಷ್ಟು ಎಂದೇ ಹೊರತು ಗ್ರಾಂಗೆ ಇಷ್ಟು ಎಂದಲ್ಲ. ಹಾಲ್‌ಮಾರ್ಕ್ ಹೆಸರಿನಲ್ಲಿ ಸಾವಿರ ಕೇಳಿದರೆ ಯಾಕೆಂದು ಕೇಳಿ.

ಸಂಶಯ ಬಂದರೆ ನಾವೇ ಒಡವೆಯನ್ನು ಬಿಐಎಸ್ ಮಾನ್ಯತೆಯ ಕೇಂದ್ರಕ್ಕೆ ಕೊಂಡುಹೋಗಿ ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆಗಳವರೆಗೆ 200 ರೂಪಾಯಿ ಎಂದು ದರ ಗೊತ್ತುಮಾಡಿದ್ದಾರೆ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ, 2018ರ ಬಿಐಎಸ್ ನಿಯಮದ ಪ್ರಕಾರ ಕೊರತೆಯ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಕೊಳ್ಳುವವರಿಗೆ ಸಿಗಬೇಕು. ಉಮ್ಮನ ಬಳೆಗೆ ಆ ಗುರುತು ಇದ್ದಿದ್ದರೆ ಒಂಬತ್ತು ಗ್ರಾಂಗಿಂತ ಹೆಚ್ಚು ಚಿನ್ನದ ಬೆಲೆ ವಾಪಸು ಬರಬೇಕಿತ್ತು. ಗುರುತು ಇರಲಿಲ್ಲ, ಬರಲಿಲ್ಲ.

ಹಳೆಯ ಒಡವೆ ಇರುವವರು ಹೆದರಬೇಕಿಲ್ಲ. ಹಾಲ್‌ಮಾರ್ಕ್ ಇಲ್ಲದ ಚಿನ್ನವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ, ಅಂಗಡಿಗೆ ಮಾರುವುದೂ ತಪ್ಪಲ್ಲ. ಕಡ್ಡಾಯ ಇರುವುದು ವ್ಯಾಪಾರಿ ನಮಗೆ ಮಾರುವಾಗ. ಗಲ್ಫ್‌ನಿಂದ ತಂದ ಒಡವೆಯಲ್ಲಿ ಅಲ್ಲಿನ ಗುರುತು ಇರುತ್ತದೆ, ನಮ್ಮ ಎಚ್‌ಯುಐಡಿ ಇರುವುದಿಲ್ಲ; ಅದರ ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನೂ ಉಳಿದದ್ದು

ಈ ವ್ಯವಸ್ಥೆಯಲ್ಲಿ ತೂತುಗಳು ಇಲ್ಲದಿಲ್ಲ. ಪರೀಕ್ಷಾ ಕೇಂದ್ರಗಳು ಖಾಸಗಿಯವರದ್ದು, ಅವರಿಗೆ ಸಂಪಾದನೆ ಬರುವುದು ವ್ಯಾಪಾರಿಗಳಿಂದಲೇ. ಹಾಗಾಗಿ ಮಾರುಕಟ್ಟೆಯಿಂದ ಮಾದರಿ ತೆಗೆದು ಮತ್ತೆ ಪರೀಕ್ಷಿಸುವ ಕೆಲಸ ಬಿಐಎಸ್ ಬಿಡದೆ ಮಾಡಬೇಕು. ಎರಡು ಗ್ರಾಂಗಿಂತ ಕಡಿಮೆ ಇರುವ ಮಗುವಿನ ಕಿವಿಯೋಲೆ, ಮೂಗುಬೊಟ್ಟು ಇನ್ನೂ ಮಾತಿನ ಮೇಲೆಯೇ ನಡೆಯುತ್ತಿದೆ. ಬಡವರ ಮನೆಯ ಚಿನ್ನ ಹೆಚ್ಚಾಗಿ ಅಷ್ಟು ಸಣ್ಣದೇ ಇರುತ್ತದೆ ಎಂಬುದನ್ನು ನಿಯಮ ಮಾಡುವವರು ನೆನಪಿಡಬೇಕು. ಬೆಳ್ಳಿಗೆ 2005ರಿಂದ ಹಾಲ್‌ಮಾರ್ಕ್ ಇದೆ, 2025ರ ಸೆಪ್ಟೆಂಬರ್‌ನಿಂದ ಎಚ್‌ಯುಐಡಿಯೂ ಬಂತು, ಆದರೆ ಐಚ್ಛಿಕವಾಗಿ. ಕಾಲ್ಗೆಜ್ಜೆ ಕೊಳ್ಳುವವರು ತಾವೇ ಗುರುತು ಕೇಳಿದರೆ ಮಾತ್ರ ಸಿಗುತ್ತದೆ. ಐಚ್ಛಿಕ ಎಂದರೆ ವ್ಯಾಪಾರಿಯ ಇಚ್ಛೆ ಮಾತ್ರವಲ್ಲ, ಕೇಳುವ ಗಿರಾಕಿಯ ಇಚ್ಛೆಯೂ ಹೌದು. ಎಲ್ಲ ಗಿರಾಕಿಗಳೂ ಕೇಳಿದ್ದರೆ ಚಿನ್ನಕ್ಕೂ 21 ವರ್ಷ ಕಾಯಬೇಕಿರಲಿಲ್ಲವೇನೋ.

ನಾವು ಕೇಳಲಿಲ್ಲ. ಕೇಳುವುದೆಂದರೆ ಮರ್ಯಾದೆಗೆ ಕಡಿಮೆ ಎಂದುಕೊಂಡೆವು. ಗುರುತಿನ ಅಂಗಡಿಯಲ್ಲಿ ಭೂತಗನ್ನಡಿ ಹಿಡಿದರೆ ಅವರು ಏನು ತಿಳಿದುಕೊಳ್ಳುತ್ತಾರೋ ಎಂಬ ದಾಕ್ಷಿಣ್ಯ. ಆದರೆ ಪರೀಕ್ಷಿಸುವುದು ಅಪನಂಬಿಕೆ ಅಲ್ಲ. ಸರಿಯಾಗಿ ವ್ಯಾಪಾರ ಮಾಡುವವನಿಗೆ ಪರೀಕ್ಷೆಯಿಂದ ಲಾಭವೇ ಆಗುವುದು.

ಉಪ್ಪ ಈಗ ಚೆನ್ನಾಗಿದ್ದಾರೆ. ಕೊರತೆ ಬಿದ್ದ ಹಣವನ್ನು ಮಾಮ ಕೊಟ್ಟರು, ನಿಧಾನವಾಗಿ ತೀರಿಸಿದೆವು. ಮೊನ್ನೆ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಉಂಗುರ ತರಲು ಹೋದಾಗ ಉಮ್ಮನೂ ಬಂದಿದ್ದರು. ಅಂಗಡಿಯವರು ಬಿಲ್ ಬರೆಯುತ್ತಿದ್ದಂತೆ ಉಮ್ಮ ನನ್ನ ಮೊಬೈಲ್ ಕಡೆ ಕೈ ತೋರಿಸಿ, ಎಲ್ಲರಿಗೂ ಕೇಳುವಂತೆಯೇ ಹೇಳಿದರು: ‘ಆ ನಂಬರ್ ಒಮ್ಮೆ ಒತ್ತಿ ನೋಡು.’ ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. ತಾವೇ ಉಂಗುರವನ್ನು ಬೆಳಕಿಗೆ ಹಿಡಿದು ಆರೂ ಅಕ್ಷರ ಓದಿ ಹೇಳಿದರು. ಉಂಗುರ ಎಂದೇ ಬಂತು. 916 ಎಂದೇ ಬಂತು.